ಬಾಗಿಲು ಹಾಕಿಕೊಂಡು ರಿಪೇರಿ ಮಾಡುತ್ತಿದ್ದವನು

ಬೇರೆ ಗಂಡಸರು ಬೀಡಿ ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಬಲಗಿವಿಯ ಮೇಲೆ, ಅವನು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದ. ಹಳದಿ ಹಿಡಿಯ ಸಣ್ಣ ಟೆಸ್ಟರು. ವರ್ಷಗಟ್ಟಲೆ ಅಲ್ಲೇ ಕೂತು ಕೂತು ಆ ಕಿವಿ ಎಡಗಿವಿಗಿಂತ ಅರ್ಧ ಅಂಗುಲ ಮುಂದಕ್ಕೆ ಬಾಗಿತ್ತು. ನಮ್ಮ ಮಾತನ್ನೆಲ್ಲ ಕದ್ದು ಕೇಳುವ ಕಿವಿಯ ಹಾಗೆ ಕಾಣುತ್ತಿತ್ತು. ಕೇಳುತ್ತಲೂ ಇತ್ತು.

ಅವನು ನಮ್ಮ ಆಸ್ಪತ್ರೆಯ ವೈರ್‌ಮನ್. ತೀರಿಹೋದವರ ಬಗ್ಗೆ ಬರೆಯುವಾಗ ‘ಅವರು’ ಅನ್ನಬೇಕಂತೆ, ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟ ಮೊಮ್ಮಗಳು ಹೇಳುತ್ತಾಳೆ. ಎದುರಿಗಿದ್ದಾಗ ‘ಅಣ್ಣಾ’ ಎಂದು ಬೇಕಾದಷ್ಟು ಕರೆದಿದ್ದೇನೆ. ಇಲ್ಲಿ ‘ಅವನು’ ಅಂತಲೇ ಬರೆಯುತ್ತೇನೆ. ಇಷ್ಟು ವರ್ಷ ಕಾದು, ಬೆರಳು ನೋಯಿಸಿಕೊಂಡು ಬರೆಯುತ್ತಿರುವುದು ಅವನನ್ನು ಹೊಗಳುವುದಕ್ಕಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಬರ್ಟ್‌ಸನ್‌ಪೇಟೆಯ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನು ಕೆಲಸಕ್ಕಿದ್ದೆ. ಹೆಸರು ಬೇಡ. ವಾರ್ಡುಗಳ ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಗೌನು ಎಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಒಗೆದದ್ದನ್ನು ಹಿತ್ತಲ ತಂತಿಯ ಮೇಲೆ ಹರವಿದರೆ, ಗಾಳಿ ಎದ್ದ ದಿನ ಚಿನ್ನದ ಗಣಿಯವರು ಸುರಿದ ಸೈನೈಡ್ ದಿಬ್ಬದ ಪುಡಿ ಬಂದು ಕೂರುತ್ತಿತ್ತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು ಆ ಬೆಡ್‌ಶೀಟಿನ ಮೇಲೆ ಮಲಗಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಅದಕ್ಕೇ ಆಸ್ಪತ್ರೆಯವರು ಎಲ್ಲಿಂದಲೋ ಒಂದು ಹಳೆಯ ಕರೆಂಟಿನ ಡ್ರೈಯರ್ ತರಿಸಿದ್ದರು. ಬೀರುವಿನಷ್ಟು ಎತ್ತರ, ಮುಂದೆ ದುಂಡನೆಯ ಗಾಜಿನ ಬಾಗಿಲು, ಒಳಗೆ ತೂತು ತೂತಿನ ಡ್ರಮ್ಮು. ಒದ್ದೆ ಬಟ್ಟೆ ತುಂಬಿ, ಬಾಗಿಲು ಮುಚ್ಚಿ, ಹಸಿರು ಗುಂಡಿ ಒತ್ತಿದರೆ ಗುರ್ ಎಂದು ತಿರುಗಬೇಕು. ತಿಂಗಳಿಗೆ ಎರಡು ಸಲವಾದರೂ, ಒತ್ತಿದರೆ ಕಲ್ಲಿನ ಹಾಗೆ ನಿಂತಿರುತ್ತಿತ್ತು.

ಆಗ ಅವನು ಬರುತ್ತಿದ್ದ. ಅವಸರವಿಲ್ಲದೆ, ಮದುವೆ ಮನೆಗೆ ಬರುವ ಭಾವನ ಹಾಗೆ. ಬಂದವನು ಮೊದಲು ಮಾಡುತ್ತಿದ್ದ ಕೆಲಸ ನಮ್ಮನ್ನು ಹೊರಗೆ ಅಟ್ಟುವುದು.

“ಎಂಗಸ್ರೆಲ್ಲ ಆಚೆ ನಡೀರಿ. ಪೋಮ್ಮಾ, ಪೋ ಪೋ. ಕರೆಂಟು ಸೀರೆ ಕಂಡ್ರೆ ಬಿಡಲ್ಲ, ಇಡ್ಕೊಂತದೆ.”

ಬಾಗಿಲು ಹಾಕಿ ಒಳಗಿನಿಂದ ಚಿಲಕ. ನಾವು ಹೊರಗೆ ನಿಂತು ಕೇಳಬೇಕು: ಟಕ್ಕು, ಟಕ್ಕು, ಠಣ್. ಅರ್ಧ ಗಂಟೆಗೋ ಒಂದು ಗಂಟೆಗೋ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು “ಓಗ್ರಿ, ಓಡ್ತೈತೆ” ಅನ್ನುತ್ತಿದ್ದ. ಏನಾಗಿತ್ತು ಅಂತ ಕೇಳಿದರೆ, “ಏಳಿದ್ರೆ ನಿಂಗೆ ತಿಳೀತದಾ? ರಾಗಿ ಬೀಸೋ ಕಲ್ಲಾ ಇದು?” ಅನ್ನುತ್ತಿದ್ದ. ಆಮೇಲೆ ನಮ್ಮ ಬುತ್ತಿಗಳ ಕಡೆ ಕೈ. ಮಿಷನ್ನು ಓಡಿಸಿದ ದಿನ ನಮ್ಮ ಊಟದಲ್ಲಿ ಒಳ್ಳೆಯದು ಯಾವುದೋ ಅದು ಅವನದ್ದು, ಅದು ಅವನೇ ಮಾಡಿಕೊಂಡ ಕಾನೂನು. ಹೆಚ್ಚಾಗಿ ಅದು ದೊಡ್ಡಕ್ಕನ ಡಬ್ಬಿ.

ದೊಡ್ಡಕ್ಕ ನನಗೆ ಸಂಬಂಧಿಯಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಒದ್ದೆ ಬೆಡ್‌ಶೀಟಿನ ಮೂಲೆ ಹಿಡಿದು ಝಾಡಿಸುವುದನ್ನು ತೋರಿಸಿಕೊಟ್ಟವಳು. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು. ಹನ್ನೊಂದು ವರ್ಷದಿಂದ ಅದೇ ಲಾಂಡ್ರಿ. ಡ್ರೈಯರಿಗೆ ಬಟ್ಟೆ ತುಂಬುವ ಕೆಲಸ ಅವಳದ್ದೇ. ಅವಳ ಕಾಳುಸಾರಿಗೆ ಇಡೀ ಆಸ್ಪತ್ರೆಯಲ್ಲಿ ಹೆಸರು.

ನಾನು ಸೇರಿದ ಎರಡನೇ ವರ್ಷದ ಆಯುಧಪೂಜೆ. ಡ್ರೈಯರಿನ ಪೂಜೆಯನ್ನು ವೈರ್‌ಮನ್ ಯಾರಿಗೂ ಬಿಡುತ್ತಿರಲಿಲ್ಲ. “ನನ್ ಮಿಷನ್ನು, ನನ್ ಕೈಯಾಗೇ ಆಗ್ಬೇಕು” ಎಂದು ಬೆಳಿಗ್ಗೆಯೇ ಸ್ನಾನ ಮಾಡಿ ಬಂದ. ವಿಭೂತಿಯನ್ನು ಗಂಧದ ಜೊತೆ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿದ. ಮಿಷನ್ನಿನ ಹಣೆಗೆ ಮೂರು ಪಟ್ಟೆ, ಬಾಗಿಲ ಎರಡೂ ಪಕ್ಕ ಮೂರು ಮೂರು ಪಟ್ಟೆ, ಸಿಕ್ಕಿದಲ್ಲೆಲ್ಲ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕುಂಕುಮ. ಬೂದುಗುಂಬಳಕಾಯಿ ಒಡೆದು, ನಮಗೆಲ್ಲ ಪುರಿ ಕಡಲೆ ಹಂಚಿದ. ಅವತ್ತು ಮಿಷನ್ನಿಗೆ ರಜೆ, ಮಾರನೆಯ ದಿನವೂ ರಜೆ.

ಮೂರನೆಯ ದಿನ ದೊಡ್ಡಕ್ಕ ಬಟ್ಟೆ ತುಂಬಿ ಗುಂಡಿ ಒತ್ತಿದಳು. ಮಿಷನ್ನು ಉಸಿರಾಡಲಿಲ್ಲ. ಎರಡು ದಿನದ ಬಟ್ಟೆ ಬೆಟ್ಟದಷ್ಟು ಬಿದ್ದಿದೆ, ಹೊರಗೆ ಗಾಳಿ, ವಾರ್ಡಿನಿಂದ ಕೂಗು. ಅವನು ಬಂದ, ನಮ್ಮನ್ನು ಅಟ್ಟಿದ, ಬಾಗಿಲು ಹಾಕಿದ. ಅವತ್ತು ಟಕ್ಕು ಠಣ್ ಏನೂ ಕೇಳಲಿಲ್ಲ. ತುಂಬ ಹೊತ್ತಾದ ಮೇಲೆ ಹೊರಬಂದು, ನಮ್ಮ ಕಡೆ ನೋಡದೆ ಸೀದಾ ಮೇಟ್ರನ್ ಅಮ್ಮನ ರೂಮಿಗೆ ಹೋದ. ಕೇರಳದ ಕಡೆಯವರು ಆಕೆ, ಲಾಂಡ್ರಿಯೂ ಆಕೆಯ ಕೈಕೆಳಗೇ.

“ಈಯಮ್ಮ ಒದ್ದೆ ಬಟ್ಟೆ ಜಾಸ್ತಿ ತುರುಕಿ ಮೋಟ್ರು ಸುಟ್ಟಾಕ್ಬುಟ್ಟವ್ಳೆ. ಎಂಗೋ ತೇಪೆ ಆಕಿವ್ನಿ. ಇಂಥೋರ್ನ ಇಟ್ಕೊಂಡ್ರೆ ನಾಳೆ ಮಿಷನ್ನೇ ಇರಲ್ಲ.”

“ನನ್ ಮಕ್ಳಾಣೆ ಇಲ್ಲ ಕಣಮ್ಮಾ, ದಿನಾ ಆಕೋ ಅಷ್ಟೇ ಆಕಿದ್ದೆ” ಎಂದು ದೊಡ್ಡಕ್ಕ ಸೆರಗು ಒಡ್ಡಿದಳು. ಡಾಕ್ಟರುಗಳು ಬೆಡ್‌ಶೀಟಿಲ್ಲ ಎಂದು ಕೂಗಾಡಿದ್ದ ದಿನ ಅದು. ಮೇಟ್ರನ್ ಅಮ್ಮ ತಲೆ ಎತ್ತಲಿಲ್ಲ. ಮಧ್ಯಾಹ್ನದೊಳಗೆ ದೊಡ್ಡಕ್ಕನ ಕೆಲಸ ಹೋಯಿತು.

ಅದೇ ಸಾಯಂಕಾಲ ಡ್ರೈಯರ್ ಏನೂ ಆಗದಂತೆ ಓಡುತ್ತಿತ್ತು. ನಾನು ಹಿಂದುಗಡೆ ಹೋಗಿ ಮೂಸಿದೆ. ನಮ್ಮ ಊರು ಕ್ಯಾಸಂಬಳ್ಳಿ ಪಕ್ಕ. ತೋಟದ ಪಂಪಿನ ಮೋಟರು ಸುಟ್ಟಾಗ ಆ ಕಮಟು ವಾಸನೆ ಮೂರು ದಿನ ಬಾವಿಯ ಸುತ್ತ ಬಿಡುವುದಿಲ್ಲ, ಅದು ನನಗೆ ಗೊತ್ತು. ಇಲ್ಲಿ ಗಂಧದ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ನನ್ನೊಳಗೆ ಸಿಟ್ಟು ಹೊತ್ತಿಕೊಂಡದ್ದು ಅವತ್ತು. ದೊಡ್ಡಕ್ಕ ದಿನಾ ಬೆಳಿಗ್ಗೆ ರೈಲಿಗೆ ಬಂಗಾರಪೇಟೆಗೆ ಹೋಗಿ, ಮಂಡಿಯಲ್ಲಿ ಹುಣಿಸೆಹಣ್ಣಿನ ಬೀಜ ಬಿಡಿಸಲು ಕೂತಳು. ಬೆರಳ ಸಂದೆಲ್ಲ ಬಿರಿದು, ಊಟಕ್ಕೆ ಕೈ ಹಾಕಿದರೆ ಉರಿ ಎನ್ನುತ್ತಿದ್ದಳು. ನಾನು ಅವಳಿಗೆ ಏನೂ ಹೇಳಲಿಲ್ಲ. ಅವಳನ್ನು ಮತ್ತೆ ಆ ಲಾಂಡ್ರಿಗೆ ತಂದೇ ತರುತ್ತೇನೆ, ಅವನ ಬಾಯಿಂದಲೇ ತರಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕೆ ಮೊದಲು ಬಾಗಿಲ ಹಿಂದೆ ಅವನು ಏನು ಮಾಡುತ್ತಾನೆ ಎಂಬುದು ಗೊತ್ತಾಗಬೇಕಿತ್ತು.

ಮಾಸಿದ ಬಟ್ಟೆ ತರುವ ಗಾಡಿಯೊಂದಿತ್ತು, ನಾಲ್ಕು ಗಾಲಿಯ ಮೇಲೆ ದಪ್ಪ ಕ್ಯಾನ್ವಾಸಿನ ತೊಟ್ಟಿ. ಮುಂದಿನ ಸಲ ಮಿಷನ್ನು ನಿಂತಾಗ ನಾನು ಅದರೊಳಗೆ ಇಳಿದು ಬೆಡ್‌ಶೀಟು ಎಳೆದುಕೊಂಡೆ. ಆಗ ನಾನು ಸಣಕಲಿ, ಹಿಡಿಯುತ್ತಿದ್ದೆ. ಯಾವ ರೋಗಿಯ ಯಾವ ಬೆಡ್‌ಶೀಟೋ, ವಾಸನೆಯ ಮಾತು ಬೇಡ. ಕ್ಯಾನ್ವಾಸಿನ ತೂತಿಗೆ ಕಣ್ಣಿಟ್ಟು ನೋಡಿದೆ.

ಅವನು ಚಿಲಕ ಹಾಕಿದ. ಗೋಡೆಯ ಪೆಟ್ಟಿಗೆ ತೆಗೆದು ಟೆಸ್ಟರ್ ಇಟ್ಟ. ಫ್ಯೂಸು ಹೋಗಿತ್ತು. ತಂತಿ ಸುತ್ತಿದ, ಹಾಕಿದ, ಮುಗಿಯಿತು. ಎಣಿಸಿದರೆ ಐದು ನಿಮಿಷವಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತು ಬೀಡಿ ಹಚ್ಚಿದ. ನಡುನಡುವೆ ಕೂತಲ್ಲಿಂದಲೇ ಸ್ಪ್ಯಾನರಿನಲ್ಲಿ ನೀರಿನ ಪೈಪಿಗೆ ಹೊಡೆಯುತ್ತಿದ್ದ. ಟಕ್ಕು, ಟಕ್ಕು, ಠಣ್. ಕೊನೆಗೆ ನಲ್ಲಿಯಲ್ಲಿ ಕೈ ಒದ್ದೆ ಮಾಡಿ ಹಣೆಗೆ ಚಿಮುಕಿಸಿಕೊಂಡ. ಆ ಬೆವರು!

ನಗು ತಡೆಯಲು ನಾನು ಯಾರದ್ದೋ ದಿಂಬಿನ ಚೀಲ ಕಚ್ಚಿಕೊಂಡಿದ್ದೆ.

ವರ್ಷವಿಡೀ ಹೀಗೆ ಗಾಡಿಯಲ್ಲಿ ಮಲಗಿ ಕಲಿತೆ. ಇನ್ನೊಂದು ಸಲ ಕೆಳಗಿನ ಜಾಲರಿ ತಟ್ಟೆ ಎಳೆದು, ಬೆಕ್ಕಿನ ಮರಿಯಷ್ಟು ದಪ್ಪ ಬಟ್ಟೆಯ ಜುಂಗು ತೆಗೆದ. ಅದು ಕಟ್ಟಿಕೊಂಡರೆ ಬಿಸಿ ಏರಿ ಮಿಷನ್ನು ತಾನೇ ನಿಲ್ಲುತ್ತದೆ. ಬಿಸಿ ಏರಿ ನಿಂತರೆ ಹಿಂದುಗಡೆ ಒಂದು ಕೆಂಪು ಗುಂಡಿ ಹೊರಗೆ ಬಂದಿರುತ್ತದೆ. ಆರುವವರೆಗೆ ಕಾದು ಅದನ್ನು ಒಳಕ್ಕೆ ಒತ್ತಬೇಕು, ಅಷ್ಟೆ. ಒಂದು ದಿನ ಮಿಷನ್ನಿನ ಬಾಗಿಲು ತೆರೆದಿಟ್ಟೇ, ಚೌಕಟ್ಟಿನ ಒಂದು ಸಣ್ಣ ತೂತಿಗೆ ಸ್ಕ್ರೂಡ್ರೈವರ್ ತುದಿ ಹಾಕಿ ಹಸಿರು ಗುಂಡಿ ಒತ್ತಿದ. ಡ್ರಮ್ಮು ತಿರುಗಿತು! ಬಾಗಿಲು ಮುಚ್ಚದೆ ತಿರುಗದ ಮಿಷನ್ನು ಅದು.

ಅವನು ಹೋದ ಮೇಲೆ ಆ ತೂತನ್ನು ನೋಡಿದೆ. ಬಾಗಿಲ ಅಂಚಿನಲ್ಲಿ ಒಂದು ಕಬ್ಬಿಣದ ನಾಲಿಗೆಯಿದೆ. ಬಾಗಿಲು ಮುಚ್ಚಿದಾಗ ಅದು ಈ ತೂತಿನೊಳಗೆ ಹೋಗಿ ತಳದಲ್ಲಿರುವ ಮೊಳೆಯಂಥ ಸ್ವಿಚ್ಚನ್ನು ಒತ್ತುತ್ತದೆ. ಒತ್ತಿದರೆ ಮಾತ್ರ ಕರೆಂಟು. ತಲೆಯ ಹೇರ್‌ಪಿನ್ ತೆಗೆದು ತೂತಿನ ತಳ ಕೆರೆದೆ. ಅಂಗೈಗೆ ನಾಲ್ಕು ಚೂರು ಬಿದ್ದವು. ಬಿಳಿ, ಕೆಂಪು. ಒಣಗಿದ ವಿಭೂತಿ, ಕುಂಕುಮ.

ಗೋಡೆಗೆ ಒರಗಿ ಕೂತೆ. ಆಯುಧಪೂಜೆಯ ದಿನ ಸಿಕ್ಕಿದಲ್ಲೆಲ್ಲ ಹೆಬ್ಬೆರಳು ಒತ್ತಿದನಲ್ಲ, ಈ ತೂತಿಗೂ ಒತ್ತಿದ್ದ. ಎರಡು ದಿನದಲ್ಲಿ ಅದು ಗಾರೆಯ ಹಾಗೆ ಗಟ್ಟಿಯಾಗಿತ್ತು. ಬಾಗಿಲು ಮುಚ್ಚಿದ ಹಾಗೆ ಕಂಡರೂ ನಾಲಿಗೆ ಮೊಳೆಯನ್ನು ಮುಟ್ಟುತ್ತಿರಲಿಲ್ಲ. ಅವತ್ತು ಒಳಗೆ ಸದ್ದಿಲ್ಲದೆ ಅವನು ಮಾಡಿದ್ದು ತನ್ನ ಪೂಜೆಯನ್ನು ತಾನೇ ಕೆರೆದು ತೆಗೆದದ್ದು. ‘ನನ್ನ ಕೈ ತಪ್ಪು’ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತಪ್ಪು ಹೊರಿಸಲು ದೊಡ್ಡಕ್ಕ ಸಿಕ್ಕಿದಳು.

ಓಡಿ ಹೋಗಿ ಮೇಟ್ರನ್ ಅಮ್ಮನಿಗೆ ಹೇಳಬಹುದಿತ್ತು. ನಾಲ್ಕು ಚೂರು ತೋರಿಸಿದರೆ ಯಾರು ನಂಬುತ್ತಾರೆ? ಅಷ್ಟೇ ಅಲ್ಲ, ನಿಜ ಹೇಳಿಬಿಡುತ್ತೇನೆ: ಬರೀ ಹೇಳಿ ಮುಗಿಸಲು ನನಗೆ ಮನಸ್ಸಿರಲಿಲ್ಲ. ನಾಲ್ಕು ಜನರ ಎದುರು ಅವನ ಮುಖ ಇಳಿಯುವುದನ್ನು ಕಣ್ಣಾರೆ ನೋಡಬೇಕಿತ್ತು.

ಮುಂದಿನ ಆಯುಧಪೂಜೆ ಬಂತು. ಅದೇ ಸ್ನಾನ, ಅದೇ ಹದದ ವಿಭೂತಿ. ನಾನು ಹೂವು ಹಿಡಿದು ಪಕ್ಕದಲ್ಲೇ ನಿಂತು ಅವನ ಕೈಯನ್ನೇ ನೋಡುತ್ತಿದ್ದೆ. ಹಣೆಗೆ ಪಟ್ಟೆ ಹಾಕಿದ. ನೆತ್ತಿಗೆ ಕುಂಕುಮ ಇಟ್ಟ. ಬಾಗಿಲ ಹತ್ತಿರಕ್ಕೆ ಮಾತ್ರ ಕೈಯೇ ತರಲಿಲ್ಲ.

“ಯಾಕಣ್ಣಾ, ಬಾಗ್ಲಿಗೆ ಇಡಲ್ವಾ?” ಎಂದೆ.

“ಇಟ್ಟಿದ್ದು ಸಾಕು. ನೀನು ಊವ ಕೊಡು.”

ಗೊತ್ತಿಲ್ಲದೆ ಮಾಡಿದ್ದರೆ ಬಿಡುತ್ತಿದ್ದೆನೋ ಏನೋ. ಗೊತ್ತಿತ್ತು ಎಂದು ಅವನ ಕೈಯೇ ಸಾಕ್ಷಿ ಹೇಳಿತು. ಎಲ್ಲರೂ ಪುರಿ ಕಡಲೆಗೆ ಹೋದಾಗ, ಬಟ್ಟಲಲ್ಲಿ ಉಳಿದ ವಿಭೂತಿಯನ್ನೆಲ್ಲ ಬಳಿದು ಆ ತೂತಿಗೆ ತುಂಬಿದೆ. ಹೇರ್‌ಪಿನ್ನಿನಲ್ಲಿ ಒತ್ತಿ ಒತ್ತಿ ತುಂಬಿದೆ, ಮಗುವಿಗೆ ತುತ್ತು ತುರುಕುವ ಹಾಗೆ. ಮೇಲೊಂದು ಚಿಟಿಕೆ ಕುಂಕುಮ. ಇವತ್ತಿನವರೆಗೆ ಇದನ್ನು ಬರಹದಲ್ಲಿ ಒಪ್ಪಿಕೊಂಡಿರಲಿಲ್ಲ. ಈಗ ಒಪ್ಪಿಕೊಂಡೆ.

ರಜೆ ಕಳೆದು ಬಂದಾಗ ಮಿಷನ್ನು ನಿಂತಿತ್ತು. ಈಗ ಬಟ್ಟೆ ತುಂಬುವವಳು ನಾನೇ. ಅವನನ್ನು ಕರೆಯುವ ಮೊದಲು ನಾನು ಮೇಟ್ರನ್ ಅಮ್ಮನ ಹತ್ತಿರ ಹೋಗಿ, “ಓದ ವರ್ಷದಂಗೇ ಆಗೈತಮ್ಮಾ, ನನ್ ತಲೆ ಮೇಲೂ ಬತ್ತದೆ, ನೀವೇ ಬಂದು ನಿಂತ್ಕೊಳ್ಳಿ” ಎಂದು ಕಣ್ಣೀರು ಹಾಕಿದೆ. ಕಣ್ಣೀರು ನನಗೆ ಬೇಕೆಂದಾಗ ಬರುತ್ತದೆ. ಆಕೆ ಬಂದು ನಿಂತರು. ಲಾಂಡ್ರಿಯ ಹೆಂಗಸರೆಲ್ಲ ಹಿಂದೆ.

ವೈರ್‌ಮನ್ ಬಂದ. “ಎಲ್ರೂ ಆಚೆ...” ಎಂದವನು ಮೇಟ್ರನ್ ಅಮ್ಮನನ್ನು ನೋಡಿ ಬಾಯಿ ಮುಚ್ಚಿದ.

“ನಾನು ನೋಡ್ಬೇಕು. ಮಾಡಿ” ಎಂದರು ಆಕೆ.

ಫ್ಯೂಸು ನೋಡಿದ. ಸರಿಯಿತ್ತು. ಜಾಲರಿ ಎಳೆದ. ನಾನು ಹಿಂದಿನ ಕೆಲಸದ ದಿನವೇ ತೊಳೆದಿಟ್ಟಿದ್ದೆ. ಕೆಂಪು ಗುಂಡಿ ಒಳಗೇ ಇತ್ತು. ಆಮೇಲೆ ಅವನ ಕಣ್ಣು ಬಾಗಿಲ ಕಡೆ ಹೋಯಿತು, ತಕ್ಷಣ ಬೇರೆ ಕಡೆ ತಿರುಗಿತು. ಅಲ್ಲಿಗೆ ಕೈ ಹಾಕುವ ಧೈರ್ಯವಾಗಲಿಲ್ಲ. ಅವತ್ತಿನ ಬೆವರು ನಲ್ಲಿಯದ್ದಲ್ಲ.

“ಮೋಟ್ರು ಓಗೈತಮ್ಮಾ. ಇವ್ಳೂ ಅವ್ಳಂಗೇ, ಜಾಸ್ತಿ ತುರುಕವ್ಳೆ” ಎಂದು ನನ್ನ ಕಡೆ ಬೆರಳು ಮಾಡಿದ.

“ಮೋಟ್ರು ಸುಟ್ರೆ ವಾಸ್ನೆ ಬರ್ಬೇಕಲ್ಲಣ್ಣಾ? ಬನ್ನಿ ಅಮ್ಮಾ, ನೀವೇ ಮೂಸಿ ನೋಡಿ” ಎಂದೆ.

ಆಕೆ ಬಗ್ಗಿ ಮೂಸಿದರು, ಇಲ್ಲವೆಂದು ತಲೆಯಾಡಿಸಿದರು. ನಾನು ಹೇರ್‌ಪಿನ್ ತೆಗೆದು ಆ ತೂತನ್ನು ಕೆರೆದೆ. ಗಟ್ಟಿ ವಿಭೂತಿಯ ಉಂಡೆ ಪಟ್ಟನೆ ಕಿತ್ತು ಬಂತು, ಮೇಲೆ ಕುಂಕುಮ ಅಂಟಿಕೊಂಡೇ ಇತ್ತು. ಅಂಗೈ ಮೇಲೆ ಇಟ್ಟು ಎಲ್ಲರಿಗೂ ತೋರಿಸಿದೆ. ಬಾಗಿಲು ಮುಚ್ಚಿದೆ. ಹಸಿರು ಗುಂಡಿ ಒತ್ತಿದೆ. ಗುರ್!

“ಮಿಷನ್ ಪೂಜೆ ಮಾಡಿದ್ದು ಯಾರು?” ಎಂದರು ಮೇಟ್ರನ್ ಅಮ್ಮ.

ಅವನು ಕಿರುಚಿಯೇಬಿಟ್ಟ. “ಈ ವರ್ಷ ನಾನು ಅಲ್ಲಿ ಇಟ್ಟೇ ಇಲ್ಲ!”

ಮೇಟ್ರನ್ ಅಮ್ಮ ನಿಧಾನವಾಗಿ ಕೇಳಿದರು: “ಹಾಗಾದ್ರೆ ಹೋದ ವರ್ಷ?”

ಆ ಮುಖವನ್ನು ನಾನು ಬಾಯಾರಿದವಳು ನೀರು ಕುಡಿಯುವ ಹಾಗೆ ನೋಡಿದೆ. ಮೊದಲು ಕಿವಿ ಕೆಂಪಾಯಿತು, ಆಮೇಲೆ ತುಟಿ ಬಿಳಿಯಾಯಿತು. ಒಂದು ಕ್ಷಣ ಅವನು ನನ್ನನ್ನು ನೋಡಿದ. ತುಂಬಿದವಳು ಇವಳೇ ಎಂದು ಅವನಿಗೆ ಗೊತ್ತಾಯಿತು, ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಹೇಳುವಂತಿರಲಿಲ್ಲ. ಹಿಂದಿನ ವರ್ಷದ ಉತ್ತರವನ್ನೇ ಅವನು ಇನ್ನೂ ಕೊಟ್ಟಿರಲಿಲ್ಲ.

ದೊಡ್ಡಕ್ಕನನ್ನು ಕರೆತರಲು ಮೇಟ್ರನ್ ಅಮ್ಮ ನನ್ನನ್ನೇ ಬಂಗಾರಪೇಟೆಗೆ ಕಳಿಸಿದರು. ಹೊರಡುವಾಗ “ನಿನ್ನ ಹೇರ್‌ಪಿನ್‌ಗೆ ತುಂಬಾ ಬುದ್ಧಿ” ಅಂದರು, ನಗಲಿಲ್ಲ. ಹುಣಿಸೆ ರಾಶಿಯ ನಡುವೆ ಕೂತಿದ್ದ ದೊಡ್ಡಕ್ಕ ಸುದ್ದಿ ಕೇಳಿ ಸ್ವಲ್ಪ ಹೊತ್ತು ಬೀಜ ಬಿಡಿಸುತ್ತಲೇ ಇದ್ದಳು. ಕೈ ತಾನಾಗಿ ನಿಂತ ಮೇಲೆ ಎದ್ದಳು. ತುಂಬಿದ್ದು ನಾನೇ ಎಂದು ಅವಳೊಬ್ಬಳಿಗೆ ರೈಲಿನಲ್ಲಿ ಹೇಳಿದೆ. “ಥೂ, ನಿನ್ ಕಳ್ಬುದ್ಧಿ!” ಎಂದು ಬೆನ್ನಿಗೆ ಗುದ್ದಿದಳು.

ಬಂದ ಮೊದಲ ದಿನವೇ ಅವಳು ಏನು ಮಾಡಿದಳು ಗೊತ್ತೇ? ಮಧ್ಯಾಹ್ನ ಡಬ್ಬಿ ಬಿಚ್ಚಿ ಅವನಿಗೆ ಕಾಳುಸಾರು ಬಡಿಸಿದಳು! ಅವನು ತಲೆ ತಗ್ಗಿಸಿ ಉಂಡ.

“ನಿಂಗೆ ರೋಷ ಅನ್ನೋದು ಐತಾ ಇಲ್ವಾ?” ಎಂದು ನಾನು ಹಾರಾಡಿದೆ.

“ಅಸ್ದೋನ್ಗೆ ಇಕ್ಕಿದ್ರೆ ರೋಷ ಎಲ್ಲಿಗೆ ಓಯ್ತದೆ? ಅದು ಬ್ಯಾರೆ, ಇದು ಬ್ಯಾರೆ. ಸುಮ್ಕಿರು” ಎಂದಳು.

ಸುಮ್ಮನಿರುವವಳು ನಾನಲ್ಲ. ಅವನ ಕೆಲಸ ಹೋಗಲಿಲ್ಲ, ಆದರೆ ಇನ್ನು ಮೇಲೆ ಬಾಗಿಲು ತೆರೆದೇ ರಿಪೇರಿ ಮಾಡಬೇಕು, ಮಾಡುವುದನ್ನೆಲ್ಲ ನನಗೆ ಹೇಳಿಕೊಡಬೇಕು ಎಂದು ಮೇಟ್ರನ್ ಅಮ್ಮ ಅಪ್ಪಣೆ ಮಾಡಿದ್ದರು. ಆ ಅಪ್ಪಣೆಯನ್ನು ನಾನು ಬೆಲ್ಲದಂತೆ ಚಪ್ಪರಿಸಿದೆ. ಗಾಡಿಯಲ್ಲಿ ಮಲಗಿ ಕಲಿತದ್ದನ್ನೂ ಏನೂ ತಿಳಿಯದವಳ ಹಾಗೆ ಕೇಳುತ್ತಿದ್ದೆ.

“ಅಣ್ಣಾ, ಫ್ಯೂಸು ಅಂದ್ರೆ ಯಾವ್ದು?”

“ಇದು ಕಣಮ್ಮಾ.”

“ತಿಳೀಲಿಲ್ಲಣ್ಣಾ, ಇನ್ನೊಂದ್ಸಲ ಏಳಿ.”

ಮೂರು ಸಲ ಹೇಳಿಸುತ್ತಿದ್ದೆ. ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದ. ಆದರೆ ಒಂದು ಸಲ ನಾನು ಪೆಟ್ಟಿಗೆಗೆ ಎರಡೂ ಕೈ ಹಾಕಿದಾಗ, ಹಲ್ಲು ಕಚ್ಚದೆ, ನನ್ನ ಎಡಗೈಯನ್ನು ಪಟ್ಟನೆ ಎಳೆದು ಬೆನ್ನ ಹಿಂದೆ ಇಟ್ಟ.

“ಒಂದ್ ಕೈ ಬೆನ್ನಿಂದೆ ಇರ್ಲಿ. ಎರಡೂ ಕೊಟ್ರೆ ಕರೆಂಟು ಎದೆ ದಾಟ್ಕೊಂಡು ಓಯ್ತದೆ. ನಮ್ ತಮ್ಮ ಅಂಗೇ ಓದ” ಎಂದ.

ಅವನಿಗೊಬ್ಬ ತಮ್ಮನಿದ್ದನೆಂದು ನನಗೆ ಗೊತ್ತಿರಲಿಲ್ಲ. ಅವತ್ತು ಮಾತ್ರ ಇನ್ನೊಂದು ಸಲ ಹೇಳಿ ಅನ್ನಲಿಲ್ಲ.

ತೊಂಬತ್ತರ ಸುಮಾರಿಗೆ ದೊಡ್ಡಕ್ಕ ನಿವೃತ್ತಿಯಾಗಿ ಕ್ಯಾಸಂಬಳ್ಳಿಗೆ, ತನ್ನ ತಮ್ಮನ ಮನೆಗೆ ಹೋದಳು. ಅವನೂ ಕೆಲಸ ಬಿಟ್ಟ. ಡ್ರೈಯರ್ ನನ್ನದಾಯಿತು. ಒಂದೆರಡು ವರ್ಷಕ್ಕೆ ಅವನು ರೋಗಿಯಾಗಿ ನಮ್ಮ ಆಸ್ಪತ್ರೆಗೇ ಬಂದ. ಎದೆಯ ಕಾಯಿಲೆ. ನನ್ನನ್ನು ನೋಡಬೇಕೆಂದು ಹೇಳಿಕಳಿಸಿದ. ಹೋದೆ. ಬಾಳೆಹಣ್ಣು ಕೂಡ ಒಯ್ಯಲಿಲ್ಲ.

“ನೀನೇ ತುಂಬಿದ್ದು ಅಲ್ವಾ?” ಎಂದ. ಇಷ್ಟು ವರ್ಷದಲ್ಲಿ ಅದೇ ಮೊದಲು.

“ಊನಣ್ಣಾ.”

“ಆ ತೂತು ನಿಂಗೆ ಎಂಗೆ ಗೊತ್ತಾಯ್ತು?”

ಗಾಡಿಯ ವಿಷಯ ಹೇಳಿದೆ. ಪೈಪಿಗೆ ಹೊಡೆಯುತ್ತಿದ್ದದ್ದು, ನಲ್ಲಿಯ ಬೆವರು, ಎಲ್ಲ. ನಗಲು ಹೋಗಿ ಕೆಮ್ಮಿದ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಸುಧಾರಿಸಿಕೊಂಡು ಹೇಳಿದ:

“ದೊಡ್ಡಕ್ಕಂಗೆ ಒಂದ್ಮಾತು ಏಳ್ಬೇಕಿತ್ತು ಕಣಮ್ಮಾ. ಅವ್ಳ ಅನ್ನ ಉಂಡೆ, ತಪ್ಪಾಯ್ತು ಅನ್ನಕ್ಕೆ ಬಾಯ್ ಬರ್ಲಿಲ್ಲ. ಒಂದ್ಸಲ ಕರ್ಕೊಂಡ್ಬಾ.”

“ಆಗ್ಲಿ” ಎಂದು ಎದ್ದು ಬಂದೆ.

ಕ್ಯಾಸಂಬಳ್ಳಿಗೆ ಬೇಕಾದಷ್ಟು ಬಸ್ಸಿದ್ದವು. ನಾನು ಅವತ್ತು ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಕೆಲಸವಿತ್ತು ಎಂದರೆ ಸುಳ್ಳು. ಕಾಯಲಿ ಎಂದುಕೊಂಡೆ. ದೊಡ್ಡಕ್ಕ ವರ್ಷಪೂರ್ತಿ ಹುಣಿಸೆ ಬಿಡಿಸಿದಳು, ಇವನು ನಾಲ್ಕು ದಿನ ಬಾಗಿಲು ನೋಡುತ್ತ ಕಾಯಲಿ. ಮೂರನೆಯ ದಿನ ಬೆಳಿಗ್ಗೆ ವಾರ್ಡಿನಿಂದ ಅವನ ಬೆಡ್‌ಶೀಟು ಕೆಳಗೆ ಬಂತು. ರಾತ್ರಿಯೇ ತೀರಿಕೊಂಡಿದ್ದನಂತೆ.

ಆಗ ಬಸ್ಸು ಹತ್ತಿದೆ. ದೊಡ್ಡಕ್ಕ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ, ಮೂರು ದಿನದ್ದನ್ನೂ ಮುಚ್ಚಿಡದೆ ಹೇಳಿದೆ. ಅವಳಿಗಾಗಿಯೇ ಮಾಡಿದೆನಲ್ಲ, ಮೆಚ್ಚುತ್ತಾಳೆ ಎಂದು ಒಳಗೊಳಗೇ ಇತ್ತು.

ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು.

“ನನ್ ಕೈಯಾಗೆ ‘ಆಯ್ತು ಓಗಣ್ಣಾ’ ಅನ್ನಿಸ್ಬೇಕು ಅಂತ ಕಾದವ್ನೆ. ಒಂದ್ ಮಾತು. ಬಂದು ಅಂದ್ಬುಡ್ತಿದ್ದೆ. ಅದು ನನ್ ಸಿಟ್ಟು ಕಣೇ. ನನ್ ಸಿಟ್ನ ನೀನ್ಯಾಕೆ ಇಟ್ಕೊಂಡೆ?”

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು, ಬಾ ಊಟ ಮಾಡು ಅನ್ನಲಿಲ್ಲ. ಅವಳ ಮನೆಯಿಂದ ನಾನು ಉಣ್ಣದೆ ಬಂದದ್ದು ಅದೊಂದೇ ಸಲ.

ಈಗಲೂ ಮನೆಯಲ್ಲಿ ಮಿಕ್ಸಿ ನಿಂತರೆ, ಇಸ್ತ್ರಿಪೆಟ್ಟಿಗೆ ಕೆಟ್ಟರೆ ಎಲ್ಲರೂ ನನ್ನನ್ನೇ ಕರೆಯುತ್ತಾರೆ. ಅವನನ್ನು ಬೈದುಕೊಂಡೇ ಬಿಚ್ಚುತ್ತೇನೆ, ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ವಿಭೂತಿ ತುಂಬಿದ್ದಕ್ಕೆ ನನಗೆ ಚೂರೂ ನಾಚಿಕೆಯಿಲ್ಲ, ಮತ್ತೆ ಬೇಕಾದರೂ ತುಂಬುತ್ತೇನೆ. ಆ ಮೂರು ದಿನಕ್ಕೆ ಮಾತ್ರ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಅವು ಅವನವು. ನಾನು ಕೊಡಲಿಲ್ಲ.